ವೈನಿ ಕಂಡ ಸಿಟ್ಟು

ಧಾರವಾಡದಲ್ಲಿ ಎಂ.ಎ. ಓದುವಾಗ ಬರೆದ ಸ್ತ್ರೀವಾದಿ ಪ್ರಬಂಧದ ಮೊದಲ ಪ್ರತಿಯನ್ನು ಈಗ ತೆಗೆದು ನೋಡಿದರೆ ನಗು ಬರುತ್ತದೆ. ಪುಟಪುಟಕ್ಕೂ 'ಪಿತೃಪ್ರಧಾನ ವ್ಯವಸ್ಥೆ'. ನಾನು ಆರಿಸಿಕೊಂಡ ಹಳೆಯ ಕಥೆಯಲ್ಲಿ, ಬೇರೆ ಹೆಣ್ಣಿನ ಮನೆಯಿಂದ ಮೂರು ದಿನಕ್ಕೆ ಮರಳಿದ ಗಂಡನಿಗೆ ಹೆಂಡತಿ ಮಾತಿಲ್ಲದೆ ಊಟ ಬಡಿಸುತ್ತಾಳೆ. 'ಸಂಪೂರ್ಣ ಶರಣಾಗತಿ' ಎಂದು ಬರೆದು ಕೈ ತೊಳೆದುಕೊಂಡಿದ್ದೆ. ನಮಗೆ ಪಾಠ ಮಾಡುತ್ತಿದ್ದ ಮೇಡಂ ಎರಡು ಸಲ ವಾಪಸ್ ಕೊಟ್ಟರು.

"ಇದರಾಗ ಸಿದ್ಧಾಂತ ಐತಿ, ಆ ಹೆಣ್ಮಗಳ ಇಲ್ಲ. ಸೋಮವಾರ ತಿದ್ದಿ ತರದಿದ್ರ ಸಂಕಿರಣದಾಗ ಬ್ಯಾರೇದವ್ರು ಓದ್ತಾರ ನೋಡವಾ."

ಅಳುವೇ ಬಂತು. ಭಾನುವಾರ ಉಣಕಲ್ಲಿನ ನಮ್ಮ ಅಡುಗೆಮನೆಯಲ್ಲಿ ಕೂತು ಕಥೆಯನ್ನೂ ನನ್ನ ಷರಾವನ್ನೂ ಸಿಟ್ಟಿನಿಂದ ಗಟ್ಟಿಯಾಗಿ ಓದಿದೆ. ಹತ್ತನೆಯ ತರಗತಿಗೇ ಓದು ನಿಲ್ಲಿಸಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಶರಣಾದಳು ಅಂತ ಯಾರ್ ಹೇಳಿದ್ರು? ಒಲಿ ಉರಿಯಾಕತ್ತೈತಿ, ಹಿಟ್ಟು ನಾದ್ಯಾಳ. ಆದ್ರೂ ಬುಟ್ಟ್ಯಾಗಿನ ಹಳೇ ಖಡಕ್ ರೊಟ್ಟಿ ತಗದು ಅವನ ಮುಂದ ಇಟ್ಟಾಳ. ನಿನಗ ಬಿಸಿ ರೊಟ್ಟಿ ಬಡದು ಹಾಕೂದಿಲ್ಲ ಅಂತ ಹೇಳಾಕತ್ತಾಳ. ಇಷ್ಟ ತಿಳೀಲಿಲ್ಲೇನ್ ನಿನಗ?"

ತಿಳಿದಿರಲಿಲ್ಲ. ಕೂತಲ್ಲಿಗೇ ಬಿಸಿ ರೊಟ್ಟಿ ಬರುತ್ತಿದ್ದವಳಿಗೆ ಹೇಗೆ ತಿಳಿಯಬೇಕು?

ಪ್ರಬಂಧವನ್ನು ಬುಡದಿಂದ ಬರೆದೆ. ಮೇಡಂ ಓದಿ, "ಈ ಕಣ್ಣು ಎಲ್ಲಿಂದ ಬಂತವಾ?" ಎಂದರು.

"ಮತ್ ಮತ್ ಓದಿದ್ನಿರಿ, ಹೊಳೀತು" ಎಂದೆ. ಸುಳ್ಳು ಸಲೀಸಾಗಿ ಬಂತು.

ಸಂಕಿರಣಕ್ಕೆ ವೈನಿಯೂ ಬಂದು ಹಿಂದಿನ ಸಾಲಿನಲ್ಲಿ ಕೂತರು. ನಾನು 'ಆಹಾರದ ಸಂಕೇತಭಾಷೆಯಲ್ಲಿ ಪ್ರತಿರೋಧದ ಅಭಿವ್ಯಕ್ತಿ' ಎಂದೆಲ್ಲ ಓದಿದೆ. ಚಪ್ಪಾಳೆ ಬಿತ್ತು. ಹೊರಗೆ ವೈನಿ ನನ್ನ ಕೈ ಹಿಡಿದುಕೊಂಡು, "ಎಷ್ಟ್ ಛಲೋ ಬರದೀಯವಾ! ಇಂಥಾವೆಲ್ಲಾ ನಮ್ಮಂಥಾವ್ರಿಗೆ ಎಲ್ಲಿ ತಿಳೀತಾವು" ಎಂದರು. ಅವರಿಗೆ ನಿಜಕ್ಕೂ ಹೆಮ್ಮೆಯಾಗಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬಸ್ಸಿನಲ್ಲಿ ಹೇಳಿಬಿಟ್ಟೆ: "ವೈನಿ, ಅದು ನೀವು ಹೇಳಿದ್ದ ಮಾತುರಿ."

"ಹೋಗ, ಚಾಷ್ಟಿ ಮಾಡಬ್ಯಾಡ" ಎಂದು ನಕ್ಕರು. ಅವರ ಮಾತು ಅವರಿಗೇ ಗುರುತು ಸಿಗದ ಹಾಗೆ ಬರೆದಿದ್ದೆ ನಾನು.

ಅಚ್ಚಿಗೆ ಕೊಡುವ ಮುಂಚೆ ಮತ್ತೊಮ್ಮೆ ತಿದ್ದಲು ಕೂತೆ. ಮೊದಲು ಹೊಡೆದುಹಾಕಿದ್ದು 'ನಾನು ಗಮನಿಸಿದಂತೆ' ಎಂಬ ಎರಡು ಪದ.