ನಾನೇ ಕೊಟ್ಟ ಪಾಯಿಂಟುಗಳು

ನಾನು ಮೊದಲ ಸಲ ಟೆನಿಸ್ ರ‍್ಯಾಕೆಟ್ ಹಿಡಿದಾಗ ನನಗೆ ನಲವತ್ತೊಂದು ವರ್ಷ. ಆಗ ಹಳೇಬೀಡಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಮನೆ ಅರಸೀಕೆರೆಯಲ್ಲಿ. ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಒಂದು ದಿನ ಡಾಕ್ಟರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, "ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದ್ರೆ ಬಾಗಿಲ ಹತ್ರಾನೇ ನಿಂತಿದೆ. ದಿನಾ ನಡೀರಿ" ಅಂದರು. ಅವತ್ತಿನಿಂದ ಸಂಜೆ ನಡೆಯಲು ಹೊರಟೆ.

ನಾನು ನಡೆಯುತ್ತಿದ್ದ ದಾರಿಯಲ್ಲಿ, ರೈಲ್ವೆ ಸ್ಟೇಷನ್ನಿನ ಆಚೆ ಬದಿಗೆ, ಒಂದು ಹಳೆಯ ಮಣ್ಣಿನ ಟೆನಿಸ್ ಕೋರ್ಟ್ ಇತ್ತು. ನಾಲ್ಕು ಜನ ಹಿರಿಯರು ಅಲ್ಲಿ ಆಡುತ್ತಿದ್ದರು. ಒಂದು ದಿನ ಒಬ್ಬರು ಬಂದಿರಲಿಲ್ಲ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾಗಿದ್ದವರೊಬ್ಬರು ಬೇಲಿಯ ಹತ್ತಿರ ಬಂದು, "ಮೇಡಂ, ದಿನಾ ಸುತ್ತು ಹಾಕ್ತೀರಲ್ಲ, ಒಳಗೆ ಬಂದು ಓಡಿ ನೋಡ್ರಿ. ಅದೇ ಕಾಲು, ಅದೇ ಬೆವರು" ಎಂದರು. ನಾನು ನಗುತ್ತಾ ಮನೆಗೆ ಹೋದೆ. ಊಟದ ಹೊತ್ತಿಗೆ ಆ ವಿಷಯ ಹೇಳಿದಾಗ, ಕೊಬ್ಬರಿ ವ್ಯಾಪಾರ ಮುಗಿಸಿ ಬಂದಿದ್ದ ನನ್ನ ಗಂಡ, "ಈ ವಯಸ್ಸಲ್ಲಿ ಟೆನಿಸ್ಸಾ? ಅದೂ ಆ ಗಂಡಸರ ಜೊತೆ?" ಎಂದರು. ಅಷ್ಟರಲ್ಲೇ ಮಾತು ಮುಗಿಯುತ್ತಿತ್ತು. ಆದರೆ ಮಜ್ಜಿಗೆ ಬಡಿಸುತ್ತಿದ್ದ ಅತ್ತೆ, ಮಗನ ಕಡೆ ನೋಡದೆ ನನ್ನ ಕಡೆ ತಿರುಗಿ ಹೇಳಿದರು: "ನಾನೂ ಬತ್ತೀನಿ ನಡಿ. ನಂಗೂ ಸಂಜೆ ಹೊತ್ತು ಮನೇಲಿ ಕೂತು ಬೇಜಾರಾಗೈತೆ."

ಅತ್ತೆ ಬಾಣಾವರದ ಕಡೆಯ ರಾಗಿ ಹೊಲದ ಮನೆಯಿಂದ ಬಂದವರು. ಮೂರನೇ ಕ್ಲಾಸಿನವರೆಗೆ ಓದಿದ್ದರು. ಟೆನಿಸ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಮರುದಿನ ಸಂಜೆ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ಅಂದಿನಿಂದ ಕೋರ್ಟಿನ ಪಕ್ಕದ ಕಲ್ಲು ಬೆಂಚು ಅವರದಾಯಿತು. ಸೊಪ್ಪು ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ನಮ್ಮ ಆಟ ನೋಡುತ್ತಿದ್ದರು. ಅತ್ತೆಯೇ ಜೊತೆಗಿದ್ದಾರೆಂದ ಮೇಲೆ ಬೀದಿಯಲ್ಲಿ ಯಾರೂ ಏನೂ ಆಡಿಕೊಳ್ಳಲಿಲ್ಲ. ಅವರು ಜೊತೆಗೆ ಬಂದದ್ದೇ ಅದಕ್ಕಾಗಿ ಎಂದು ನನಗೆ ಹೊಳೆಯಲು ಬಹಳ ತಿಂಗಳು ಬೇಕಾದವು.

ಎರಡು ವರ್ಷದಲ್ಲಿ ನಾನು ಒಂದು ಮಟ್ಟಕ್ಕೆ ಆಡಲು ಕಲಿತೆ. ಬಲಗೈ ಹೊಡೆತ ಚೆನ್ನಾಗಿತ್ತು. ಗಾರ್ಡ್ ಸಾರ್ ಕೂಡ ಕೆಲವು ಸಲ ತಲೆದೂಗುತ್ತಿದ್ದರು. ಸರ್ವ್ ಮಾತ್ರ ನನ್ನ ಕೈಗೆ ಹತ್ತಲಿಲ್ಲ. ಸರ್ವ್ ಎಂದರೆ ಚೆಂಡನ್ನು ಮೇಲಕ್ಕೆಸೆದು, ಎದುರು ಅಂಗಳದ ಚೌಕದೊಳಗೆ ಬೀಳುವಂತೆ ಹೊಡೆದು ಆಟ ಶುರು ಮಾಡುವುದು. ಅದಕ್ಕೆ ಎರಡು ಅವಕಾಶ. ಎರಡೂ ತಪ್ಪಿದರೆ ಡಬಲ್ ಫಾಲ್ಟ್, ಎದುರಾಳಿಗೆ ಒಂದು ಪಾಯಿಂಟ್. ಮೊದಲನೆಯದು ತಪ್ಪಿತೆಂದರೆ ಸಾಕು, ನನ್ನ ಮೊಣಕೈ ಕಟ್ಟಿಹಾಕಿದಂತಾಗುತ್ತಿತ್ತು.

ಮೂರನೇ ವರ್ಷದ ಜನವರಿಯಲ್ಲಿ ಬೇಲೂರಿನ ಆಟಗಾರರು ನಮ್ಮನ್ನು ಒಂದು ಭಾನುವಾರ ಸ್ನೇಹದ ಪಂದ್ಯಗಳಿಗೆ ಕರೆದರು. ಹೆಂಗಸರೆಂದು ನಾನೊಬ್ಬಳು, ಅವರ ಕಡೆಯೂ ಒಬ್ಬರೇ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಮೈಭಾರದವರು, ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಅವರನ್ನು ನೋಡುತ್ತಲೇ ನನಗೆ ಗೆದ್ದಷ್ಟು ಧೈರ್ಯ ಬಂತು. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆರು ಗೇಮಿನ ಒಂದೇ ಸೆಟ್, ಗೆಲ್ಲಲು ಎರಡು ಗೇಮಿನ ಅಂತರ ಬೇಕು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಹಿರಿಯರೊಬ್ಬರು ಅಂಕ ಕೂಗುತ್ತಿದ್ದರು. ಅತ್ತೆ ಬಲೆಯ ಕಂಬದ ಸನಿಹ ನೆರಳಲ್ಲಿ ಕೂತು, ಬೆಳಿಗ್ಗೆ ಸಂತೆಬೀದಿಯಲ್ಲಿ ಕೊಂಡಿದ್ದ ಅವರೆಕಾಯಿ ಸುಲಿಯುತ್ತಿದ್ದರು. ನೋಡನೋಡುತ್ತಿದ್ದಂತೆ ಐದು–ಮೂರರಲ್ಲಿ ನಾನು ಮುಂದಿದ್ದೆ. ಸರ್ವ್ ನನ್ನದು. ಇನ್ನೊಂದು ಪಾಯಿಂಟ್ ಬಂದರೆ ಪಂದ್ಯ ನನ್ನದು.

ಮೊದಲ ಸರ್ವ್ ಬಲೆಗೆ ಬಿತ್ತು. ಎರಡನೆಯದಕ್ಕೆ ಚೆಂಡು ಎಸೆದೆ; ಅದು ತಲೆಯ ಹಿಂದಕ್ಕೆ ಹೋಯಿತು. ಎಸೆದ ಮೇಲೆ ಹೊಡೆಯಲೇಬೇಕು ಎಂದುಕೊಂಡಿದ್ದವಳು ಬೆನ್ನು ಬಾಗಿಸಿ ಹೊಡೆದೆ. ಅದು ಬೇಲಿಯ ತನಕ ಹೋಯಿತು. ಮುಂದಿನ ಪಾಯಿಂಟಿನಲ್ಲೂ ಎರಡೂ ಸರ್ವ್ ತಪ್ಪಿದವು. ಅದರ ಮುಂದಿನದರಲ್ಲಿ ಸರ್ವ್ ಹೇಗೋ ಬಿತ್ತು, ನರ್ಸಮ್ಮ ಅದನ್ನು ಮೆತ್ತಗೆ ನನ್ನ ಕಡೆಗೇ ತಿರುಗಿಸಿದರು. ಸೊಂಟದೆತ್ತರಕ್ಕೆ, ಕೈಯಲ್ಲಿ ಇಟ್ಟಂತೆ ಬಂದ ಚೆಂಡು. ಜೋರಾಗಿ ಹೊಡೆದು ಮುಗಿಸಿಬಿಡುವ ಆತುರದಲ್ಲಿ ಗೆರೆಯಿಂದ ಮಾರುದ್ದ ಆಚೆ ಹೊಡೆದೆ. ಅಲ್ಲಿಂದ ಮುಂದೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಐದು–ಏಳರಲ್ಲಿ ಸೋತೆ. ಕೊನೆಯ ಚೆಂಡೂ ಅಷ್ಟೇ, ಸುಲಭದ್ದು, ಬಲೆಗೆ ಹೊಡೆದೆ.

ನರ್ಸಮ್ಮ ಬಲೆಯ ಹತ್ತಿರ ಬಂದು ನನ್ನ ಕೈ ಹಿಡಿದು, "ಚೆನ್ನಾಗಿ ಆಡಿದ್ರಿ ಟೀಚರ್" ಎಂದರು. ನಾನು ಅವರ ಮುಖ ನೋಡಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅತ್ತೆಗೆ ಹೇಳುತ್ತಾ ಹೋದೆ: ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಅವರ ಕೋರ್ಟಿನಲ್ಲಿ ಚೆಂಡು ಪುಟಿಯುವುದೇ ಇಲ್ಲ, ರ‍್ಯಾಕೆಟ್ಟಿನ ದಾರ ಸಡಿಲವಾಗಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಹಳೇಬೀಡು ದಾಟಿದ ಮೇಲೆ ಚೀಲದಿಂದ ಕರ್ಚೀಫಿನ ಎರಡು ಗಂಟು ತೆಗೆದು ತೊಡೆಯ ಮೇಲಿಟ್ಟರು. ಎರಡರಲ್ಲೂ ಅವರೆಕಾಳು.

"ಏನತ್ತೆ ಇದು?"

"ನಿನ್ ಆಟದ್ದು ಕಣವ್ವಾ. ಆ ಯಮ್ಮಂಗೆ ಒಂದು ಬಂದಾಗೆಲ್ಲ ಒಂದು ಕಾಳು ಹಾಕ್ದೆ. ಇದು ಅವಳು ಹೊಡೆದು ಗೆದ್ದಿದ್ದು. ಇದು ನೀನು ಕೊಟ್ಟಿದ್ದು."

ಮೊದಲ ಗಂಟಿನಲ್ಲಿ ಏಳೆಂಟು ಕಾಳು. ಎರಡನೆಯದರಲ್ಲಿ ಒಂದು ಹಿಡಿ ತುಂಬ.

"ಕೊಟ್ಟಿದ್ದು ಅಂತ ನಿಮಗೆ ಹೇಗೆ ಗೊತ್ತು?" ನನ್ನ ದನಿ ಏರಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಅತ್ತೆ ದನಿ ಏರಿಸಲಿಲ್ಲ. "ಅವಳು ಹೊಡೆದಿದ್ದು ನಿಂಗೆ ಸಿಗದಂಗೆ ಹೋದ್ರೆ ಅದು ಅವಳ್ದು. ಚೆಂಡು ನಿನ್ ಮುಂದ್ಕೇ ಬಂದು, ನೀನು ಬಲೆಗೋ ಬೇಲಿಗೋ ಹೊಡೆದ್ರೆ ಅದು ನೀನು ಕೊಟ್ಟಿದ್ದು. ಇನ್ನು ಆ ಕಡೆಯಿಂದ ಯಾರೂ ಏನೂ ಮಾಡ್ದೇನೇ ನೀನೊಬ್ಳೇ ಎಸ್ಕೊಂಡು ನೀನೊಬ್ಳೇ ಕೆಡಿಸ್ತೀಯಲ್ಲ, ಅದಂತೂ ನಿಂದೇಯ. ಆ ಯಮ್ಮ ಪಾಪ ಸುಮ್ನೆ ನಿಂತಿದ್ಲು."

ಜಾವಗಲ್ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಸೋತ ನೋವಿಗಿಂತ, ಆಟದ ಒಂದು ನಿಯಮವನ್ನೂ ಕಲಿಯದ ಹೆಂಗಸು ಇಷ್ಟು ಸರಿಯಾಗಿ ನೋಡಿಬಿಟ್ಟಳಲ್ಲ ಎಂಬ ಸಿಟ್ಟು ದೊಡ್ಡದಾಗಿತ್ತು. ಮನೆ ಮುಟ್ಟಿದ ಮೇಲೆ ಅತ್ತೆ ಎರಡೂ ಗಂಟು ಬಿಚ್ಚಿ ಸುಲಿದಿಟ್ಟಿದ್ದ ಉಳಿದ ಕಾಳಿನ ಜೊತೆ ಒಂದೇ ಪಾತ್ರೆಗೆ ಸುರಿದು ಸಾರು ಮಾಡಿದರು. ಮುದ್ದೆಯ ಜೊತೆ ನಾನು ಎರಡು ಸಲ ಹಾಕಿಸಿಕೊಂಡೆ. ನನ್ನ ಗಂಡ, "ಏನಾಯ್ತು ಆಟ?" ಎಂದು ಕೇಳಿದಾಗ ಅತ್ತೆಯೇ ಉತ್ತರ ಕೊಟ್ಟರು: "ಇನ್ನೊಂದು ಸ್ವಲ್ಪದಲ್ಲಿ ಹೋಯ್ತು. ಮುಂದಿನ ವರ್ಷ ನೋಡುವಂತೆ."

ಮರುದಿನ, ಬೇಲೂರಿಗೆ ಬಂದಿರದಿದ್ದ ಗಾರ್ಡ್ ಸಾರ್ ಹತ್ತಿರ ನಡೆದದ್ದೆಲ್ಲ ಹೇಳಿದೆ, ಅವರೆಕಾಳಿನ ಸಮೇತ. ಅವರು ಬಹಳ ಹೊತ್ತು ನಕ್ಕರು. ಆಮೇಲೆ ಕೇಳಿದರು: "ಚೆಂಡು ತಲೆ ಹಿಂದಕ್ಕೆ ಹೋಯ್ತು ಅಂದ್ರಲ್ಲ, ಅದನ್ನ ಯಾಕೆ ಹೊಡೆಯಕ್ಕೆ ಹೋದ್ರಿ?"

"ಎಸೆದಾಗಿತ್ತಲ್ಲ ಸಾರ್."

"ಎಸೆದ್ರೇನಂತೆ? ಸರಿಯಾಗಿ ಬರಲಿಲ್ವಾ, ಕೈಯಲ್ಲಿ ಹಿಡ್ಕೊಳ್ಳಿ. ಮತ್ತೆ ಎಸೀರಿ. ಯಾರೂ ಬೈಯಲ್ಲ ಕಣ್ರೀ. ರ‍್ಯಾಕೆಟ್ ಬೀಸದೇ ಇದ್ರೆ ಅದು ಲೆಕ್ಕಕ್ಕೇ ಇಲ್ಲ."

ಎರಡು ವರ್ಷಕ್ಕೂ ಹೆಚ್ಚು ಆಡಿದ್ದರೂ ನನಗೆ ಅದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ, ಅವರು ನನಗೆ ಗೊತ್ತಿದೆ ಎಂದುಕೊಂಡಿದ್ದರು. ಆ ಸಂಜೆ ಎಸೆಯುವುದು, ಹಿಡಿಯುವುದು, ಮತ್ತೆ ಎಸೆಯುವುದು, ಇಷ್ಟೇ ಮಾಡಿದೆ. ಒಂದು ಚೆಂಡನ್ನೂ ಹೊಡೆಯಲಿಲ್ಲ. ಮನೆಗೆ ಬರುವಾಗ ಎದೆಯ ಮೇಲಿದ್ದ ಕಲ್ಲು ಇಳಿಸಿದಷ್ಟು ಹಗುರವಾಗಿತ್ತು.

ಆ ವಾರವೇ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬೋರ್ಡಿನ ಮುಂದೆ ಲೆಕ್ಕ ಬಿಡಿಸುತ್ತಾ ಎರಡನೇ ಸಾಲಿನಲ್ಲೇ ತಪ್ಪು ಚಿಹ್ನೆ ಹಾಕಿದಳು. ಅವಳಿಗೂ ಅದು ತಿಳಿಯಿತು. ಆದರೂ ನನ್ನ ಕಡೆ ಹೆದರಿ ನೋಡಿ, ಆ ತಪ್ಪನ್ನೇ ಹೊತ್ತುಕೊಂಡು ಮೂರನೇ ಸಾಲು ಬರೆಯತೊಡಗಿದಳು. ಹದಿನೈದು ವರ್ಷದಿಂದ "ಬೇಗ, ಬೇಗ" ಎನ್ನುತ್ತಿದ್ದವಳು ನಾನು. ಅವತ್ತು, "ಅಳಿಸಮ್ಮ. ಮೊದಲಿಂದ ಬರಿ. ಏನೂ ಅವಸರ ಇಲ್ಲ" ಎಂದೆ. ಅವಳು ನಂಬದವಳಂತೆ ಒಂದು ಗಳಿಗೆ ಡಸ್ಟರ್ ಹಿಡಿದು ನಿಂತಿದ್ದಳು.

ಆ ವರ್ಷವೆಲ್ಲ ಎರಡನೇ ಸರ್ವ್ ಅಭ್ಯಾಸ ಮಾಡಿದೆ. ವೇಗ ಬೇಡ, ಬಲೆಯ ಮೇಲಿಂದ ಎತ್ತರವಾಗಿ ಹೋಗಿ ಚೌಕದಲ್ಲಿ ಬಿದ್ದರೆ ಸಾಕು ಎಂದು ಗಾರ್ಡ್ ಸಾರ್ ಹಟ ಹಿಡಿದಿದ್ದರು. ಅತ್ತೆ ಕಲ್ಲು ಬೆಂಚಿನ ಮೇಲಿಂದ ಎಣಿಸುತ್ತಿದ್ದರು. ಇಪ್ಪತ್ತು ಸರ್ವ್ ತಪ್ಪಿಲ್ಲದೆ ಬೀಳುವ ತನಕ ಮನೆಗೆ ಹೊರಡುವಂತಿರಲಿಲ್ಲ. ಹದಿನೆಂಟಕ್ಕೆ ಹೋಗಿ ತಪ್ಪಿದರೆ, "ಮತ್ತೆ ಒಂದರಿಂದ" ಎನ್ನುತ್ತಿದ್ದರು, ಒಂದಿಷ್ಟೂ ಕನಿಕರವಿಲ್ಲದೆ.

ಮುಂದಿನ ಜನವರಿಯಲ್ಲಿ ಬೇಲೂರಿನವರು ಅರಸೀಕೆರೆಗೆ ಬಂದರು. ಅದೇ ನರ್ಸಮ್ಮ, ಮಂಡಿಗೆ ಅದೇ ಪಟ್ಟಿ. ಈ ಸಲ ನಾನು ಆತುರಪಡಲಿಲ್ಲ. ಎಸೆತ ಸರಿಯಾಗದಾಗ ಹಿಡಿದುಕೊಂಡೆ, ಒಮ್ಮೆಯಂತೂ ಸತತ ಮೂರು ಸಲ. ಅವರು ಆಚೆ ನಿಂತು ನಗುತ್ತಾ ಕಾದರು. ಚೆಂಡುಗಳು ಹೋಗುತ್ತಾ ಬರುತ್ತಾ ಇದ್ದವು; ಇಬ್ಬರೂ ಬಿಟ್ಟುಕೊಡಲಿಲ್ಲ. ಇಡೀ ಪಂದ್ಯದಲ್ಲಿ ನನ್ನದು ಎರಡೇ ಡಬಲ್ ಫಾಲ್ಟ್. ಆದರೂ ಸೋತೆ, ನಾಲ್ಕು–ಆರರಲ್ಲಿ. ಕೊನೆಯ ಪಾಯಿಂಟಿಗೆ ಅವರು ನನ್ನನ್ನು ಬಲೆಯ ಹತ್ತಿರಕ್ಕೆ ಕರೆಸಿಕೊಂಡು, ಚೆಂಡನ್ನು ನನ್ನ ತಲೆಯ ಮೇಲಿಂದ ದಾಟಿಸಿ ಗೆರೆಯ ಒಳಗೇ ಇಳಿಸಿದರು. ನಾನು ತಿರುಗಿ ನೋಡುತ್ತಾ ನಿಂತೆ, ಆಮೇಲೆ ಕೈ ತಟ್ಟಿದೆ. ನನಗೇ ಆಶ್ಚರ್ಯವಾಗುವಷ್ಟು ಖುಷಿಯಾಗಿತ್ತು.

ಬೆಂಚಿಗೆ ಬಂದಾಗ ಅತ್ತೆ, "ಕೊನೇದು ಎಲ್ಲಿ ಬಿತ್ತು?" ಎಂದು ಕೇಳಿದರು.

"ಗೆರೆ ಒಳಗೆ ಅತ್ತೆ. ನಿಮ್ಮ ಮುಂದೇನೇ ಬಿತ್ತಲ್ಲ."

ಅವರು ಹೌದೌದು ಎಂದು ತಲೆಯಾಡಿಸಿದರು. ನನಗೆ ಏನೂ ಅನ್ನಿಸಲಿಲ್ಲ. ಆದರೆ ಪಕ್ಕದಲ್ಲಿ ನೀರು ಕುಡಿಯುತ್ತಿದ್ದ ನರ್ಸಮ್ಮ ಲೋಟ ಕೆಳಗಿಟ್ಟು ಅತ್ತೆಯ ಮುಂದೆ ಬಂದು ಕೂತರು. "ಅಜ್ಜಿ, ಈ ಕಡೆ ನೋಡ್ರಿ. ಇವು ಎಷ್ಟು ಬೆರಳು?" ಅತ್ತೆ ಕತ್ತು ವಾರೆ ಮಾಡಿ ನೋಡಿದರು. ಹೇಳಿದ ಉತ್ತರ ತಪ್ಪಾಗಿತ್ತು.

"ಪೊರೆ ಬಂದಿದೆ ಟೀಚರ್, ಎರಡೂ ಕಣ್ಣಿಗೆ" ಎಂದರು ನರ್ಸಮ್ಮ ನನ್ನ ಕಡೆ ತಿರುಗಿ. "ಆಟ ಶುರುವಾದಾಗಿಂದ ನೋಡ್ತಿದೀನಿ, ಇವರು ಚೆಂಡಿನ ಸದ್ದು ಕೇಳಿ ಕತ್ತು ತಿರುಗಿಸ್ತಿದಾರೆ. ತಡ ಮಾಡಬೇಡಿ."

ಒಂದೇ ಮನೆಯಲ್ಲಿದ್ದು ನಾನು ಕಂಡಿರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ ಅತ್ತೆ, "ನಿನ್ ಆಟಕ್ಕೆ ಬರೋದು ತಪ್ಪೋಗ್ತೈತೆ ಅಂತ ಹೇಳ್ಲಿಲ್ಲ" ಎಂದರು. ಇಪ್ಪತ್ತು ಸರ್ವುಗಳನ್ನು ಅವರು ಎಣಿಸುತ್ತಿದ್ದದ್ದು ಚೆಂಡು ನೆಲಕ್ಕೆ ಬಿದ್ದ ಸದ್ದಿನಿಂದಲೋ ಏನೋ. ನಿಂತಲ್ಲೇ ನನಗೆ ಅಳು ಬಂತು.

ಮುಂದಿನದನ್ನೆಲ್ಲ ನರ್ಸಮ್ಮನೇ ಮುಂದೆ ನಿಂತು ಮಾಡಿಸಿದರು. ಯಾವ ಡಾಕ್ಟರ ಹತ್ತಿರ ಹೋಗಬೇಕು, ಯಾವ ದಿನ ಉಪವಾಸ ಇರಬೇಕು, ಹನಿ ಹೇಗೆ ಹಾಕಬೇಕು, ಎಲ್ಲವನ್ನೂ ಫೋನಿನಲ್ಲಿ ಹೇಳಿಕೊಟ್ಟರು. ಆಪರೇಷನ್ ದಿನ ರಜೆ ಹಾಕಿ ಬಂದು ಅತ್ತೆಯ ಪಕ್ಕದಲ್ಲಿ ಕೂತಿದ್ದರು. ನನ್ನ ಗಂಡ ಅವರನ್ನು ಅಕ್ಕಾ ಎನ್ನತೊಡಗಿದ್ದು ಅವತ್ತಿನಿಂದ. ಒಂದು ಕಣ್ಣು ಯುಗಾದಿಗೆ ಮೊದಲು, ಇನ್ನೊಂದು ಆಮೇಲೆ.

ಮಳೆಗಾಲ ಶುರುವಾಗುವ ಮುಂಚಿನ ಒಂದು ಸಂಜೆ ಅತ್ತೆ ಮತ್ತೆ ಕೋರ್ಟಿಗೆ ಬಂದರು. ಕಪ್ಪು ಕನ್ನಡಕ ತೆಗೆದು ಸುತ್ತ ನೋಡಿ, "ಈ ಮಣ್ಣು ಇಷ್ಟು ಕೆಂಪಗೈತಾ?" ಎಂದರು. ನಾನು ಉಬ್ಬಿಹೋಗಿ, ಅವರು ಸರಿಯಾಗಿ ನೋಡಲೆಂದು ಒಂದು ಸರ್ವ್ ಹೊಡೆದೆ. ಚೆಂಡು ಚೌಕದ ಮೂಲೆಗೇ ಬಿತ್ತು.

"ಚೆನ್ನಾಗ್ ಬಿತ್ತು" ಎಂದರು. ಸ್ವಲ್ಪ ತಡೆದು ಕೇಳಿದರು: "ಆ ಬಿಳೀ ಗೆರೆ ತುಳಿಬೋದಾ?"

"ಯಾವ ಗೆರೆ?"

"ನಿನ್ ಕಾಲ ಕೆಳಗಿಂದು. ಹೊಡೆಯೋ ಮುಂಚೇನೇ ಎಡಗಾಲು ಅದರ ಮೇಲೆ ಇಡ್ತೀಯಲ್ಲ. ಇವರ್ಯಾರೂ ಹಂಗೆ ಇಡಲ್ಲ."

ನಾನು ಗಾರ್ಡ್ ಸಾರ್ ಕಡೆ ನೋಡಿದೆ. ಅವರು ಟೋಪಿ ಸರಿಮಾಡಿಕೊಳ್ಳುತ್ತಾ ನೆಲ ನೋಡಿದರು. "ಅದು ತಪ್ಪೇ ಮೇಡಂ. ಗೆರೆ ತುಳಿದ್ರೆ ಸರ್ವ್ ಒಳಗೆ ಬಿದ್ರೂ ತಪ್ಪಿದ ಲೆಕ್ಕಾನೇ. ಮೊದಲಿಂದಾನೂ ಗೊತ್ತಿತ್ತು ನಂಗೆ. ಆದ್ರೆ ನಿಮಗೆ ಸರ್ವ್ ಅಂದ್ರೇನೇ ಅಷ್ಟು ಹೆದರಿಕೆ. ಅದೊಂದು ಕೈಗೆ ಹತ್ತಲಿ, ಆಮೇಲೆ ಕಾಲಿನ ವಿಷಯ ಹೇಳೋಣ ಅಂತಿದ್ದೆ."

ಮನೆಗೆ ಬಂದವಳೇ ಬೇಲೂರಿಗೆ ಫೋನ್ ಮಾಡಿ ನರ್ಸಮ್ಮನನ್ನು ಕೇಳಿದೆ. ಅವರು ಆ ಕಡೆಯಿಂದ ಗಟ್ಟಿಯಾಗಿ ನಕ್ಕರು. "ನೋಡಿದ್ದೆ ಕಣ್ರೀ. ಮೊದಲ್ನೇ ವರ್ಷ ಬೇಲೂರಲ್ಲೇ ನೋಡಿದ್ದೆ."

"ಅಂಕ ಕೂಗೋರಿಗೆ ಹೇಳಬಹುದಿತ್ತಲ್ಲ ಅಕ್ಕಾ? ನಾನು ಐದು–ಮೂರರಲ್ಲಿ ಮುಂದಿದ್ದೆ."

"ಅಯ್ಯೋ, ಭಾನುವಾರ ಒಂದಿನ ಆಡಕ್ಕೆ ಸಿಕ್ಕಿದ್ರಿ, ಅತ್ತೇನೂ ಕರ್ಕೊಂಡು ಬಂದಿದ್ರಿ. ಕಾಲು ನೋಡ್ಕೊಂಡು ಜಗಳ ಆಡ್ಲಾ?" ಎಂದವರೇ ಅತ್ತೆಯ ಕಣ್ಣಿಗೆ ಹನಿ ಹಾಕುವುದು ನಿಲ್ಲಿಸಿದ್ದೀರೋ ಇಲ್ಲವೋ ಎಂದು ವಿಚಾರಿಸತೊಡಗಿದರು.

ಈಗ ಗೆರೆಗಿಂತ ಒಂದು ಗೇಣು ಹಿಂದೆ ನಿಂತು ಸರ್ವ್ ಮಾಡುತ್ತೇನೆ.