ಲಂಡನ್ ಸುಟ್ಟ ವರ್ಷ ಮೈಸೂರಿನಲ್ಲಿ

“ಅಜ್ಜಿ, ಸೇಮ್ ಇಯರ್ ನಮ್ಮ ಮೈಸೂರಲ್ಲಿ ಏನಾಯ್ತು?”

ಸಿಂಗಪುರದ ಚೋವಾ ಚು ಕಾಂಗ್‌ನ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಬೆಂಚಿನಲ್ಲಿ ಕುಳಿತು, ಇಲ್ಲೇ ಹುಟ್ಟಿದ ಮೊಮ್ಮಗಳಿಗೆ 1666ರ ಗ್ರೇಟ್ ಫೈರ್ ಆಫ್ ಲಂಡನ್ ಕಥೆ ಹೇಳುತ್ತಿದ್ದೆ. ನಾನು ಓದಿದ ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬೈಹಾರ್ಟ್ ಮಾಡಿಸಿದ್ದು ಇನ್ನೂ ಮರೆತಿಲ್ಲ: ಬೇಕರಿಯಲ್ಲಿ ಹತ್ತಿದ ಬೆಂಕಿ, ಥೇಮ್ಸ್ ದಡಕ್ಕೆ ಓಡಿದ ಜನ, ಉರಿದುಹೋದ ಸೇಂಟ್ ಪಾಲ್ಸ್. ಮಗು ವಿಡಿಯೊ ಗೇಮ್ ಪಕ್ಕಕ್ಕಿಟ್ಟು ಕೇಳುತ್ತಿತ್ತು.

ಕಥೆಯ ನಡುವೆ ಆ ಪ್ರಶ್ನೆ ಬಂತು. ಆ ವರ್ಷ ಮೈಸೂರಿನಲ್ಲಿ ಯಾವ ಅರಸರಿದ್ದರೆಂಬುದೂ ನನಗೆ ಗೊತ್ತಿರಲಿಲ್ಲ.

“ನಮ್ಗೆ ಅದನ್ನ ಹೇಳ್ಕೊಡ್ಲೇ ಇಲ್ಲ, ಪುಟ್ಟಿ.”

“ಪರವಾಗಿಲ್ಲ ಲಾ, ಅಜ್ಜಿ,” ಎಂದು ಇಲ್ಲಿಯವರ ಹಾಗೆ ‘ಲಾ’ ಸೇರಿಸಿ ನನಗೇ ಸಮಾಧಾನ ಹೇಳಿ ಮತ್ತೆ ಗೇಮ್ ಎತ್ತಿಕೊಂಡಳು.

ಆಮೇಲೆ ಅಳಿಯನನ್ನು ಕೇಳಿ ಅರಸರ ಹೆಸರು ಕಲಿತುಕೊಂಡೆ. ಆದರೆ ಮೊಮ್ಮಗಳು ಮೈಸೂರಿನ ಬಗ್ಗೆ ತಾನಾಗಿ ಕೇಳಿದ್ದು ಅದೊಂದೇ ಸಲ.