ದಾಂಡೇಲಿಗೆ ಯಾರ ಜೋಡಿ ಹೋಗಿದ್ರಿ?

ಸಿಂಧನೂರಿನ ಆ ಹೋಟೆಲಿನ ಮೇಲಂತಸ್ತಿನ ಹಾಲಿಗೆ ನಾವು ಹೋದದ್ದು ಶನಿವಾರ ಎಂದು ನನ್ನ ನೆನಪು, ಭಾನುವಾರ ಎಂದು ಹೆಂಡತಿಯದು. ಅವಳು ಬಳಗಾನೂರಿನ ಶಾಲೆಯಲ್ಲಿ ಶಿಕ್ಷಕಿ. ಬೆಳಗಿನ ಶಾಲೆ ಮುಗಿಸಿ ಬಸ್ಸಿಳಿದವಳು ಸೀರೆಯನ್ನೂ ಬದಲಿಸದೆ ನನ್ನ ಬೈಕ್ ಹತ್ತಿದ್ದು, ಸೆರಗಿನ ಮೇಲೆ ಸೀಮೆಸುಣ್ಣದ ಪುಡಿ ಇದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಣ್ಣಿಗೆ ಕಟ್ಟಿದಂತಿರುವುದನ್ನೆಲ್ಲ ನಿಜವೆಂದು ನಂಬುವ ಧೈರ್ಯ ಈಗ ನನಗಿಲ್ಲ. ಆ ಧೈರ್ಯ ಹೋದದ್ದು ಆ ಹೋಟೆಲಿನಿಂದ ಶುರುವಾದ ಹತ್ತು ದಿನಗಳಲ್ಲಿ.

ಅದಕ್ಕೂ ಮೊದಲು, ಕಪಾಟು ಕೊಳ್ಳಲು ಹೋದ ಅಂಗಡಿಯಲ್ಲಿ ಒಂದು ಚೀಟಿ ತುಂಬಿಸಿಕೊಂಡಿದ್ದರು. ವಾರದ ಮೇಲೆ ಫೋನ್ ಬಂತು. ಲಕ್ಕಿ ಡ್ರಾದಲ್ಲಿ ನಿಮ್ಮ ಹೆಸರು ಬಂದಿದೆ, ಗಂಡ ಹೆಂಡತಿ ಜೋಡಿಯಾಗಿಯೇ ಬರಬೇಕು, ಒಂದು ತಾಸು ಕೂತು ಮಾತು ಕೇಳಿದರೆ ಉಡುಗೊರೆ. ನಾನು ಲಿಂಗಸುಗೂರಿನ ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುವವನು. ಇಂಥ ಡ್ರಾದಲ್ಲಿ ಚೀಟಿ ತುಂಬಿದ ಎಲ್ಲರ ಹೆಸರೂ ಬರುತ್ತದೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಹೋದೆ. ಅವರ ಲೆಕ್ಕದಲ್ಲಿ ತಪ್ಪು ಹಿಡಿಯುವ ಹುಮ್ಮಸ್ಸು.

ಟೈ ಕಟ್ಟಿದ ಯುವಕನೊಬ್ಬ ನಮ್ಮ ಮೇಜಿಗೆ ಬಂದು ಕೂತ. ಬೆಂಗಳೂರು ಕಡೆಯ ಕನ್ನಡ. ಟೈಮ್‌ಶೇರ್ ಎಂದರೆ ಏನೆಂದು ವಿವರಿಸಿದ. ಒಮ್ಮೆ ದೊಡ್ಡ ಮೊತ್ತ ಕಟ್ಟಬೇಕು. ಆಮೇಲೆ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ, ಅವರ ಯಾವುದೇ ರೆಸಾರ್ಟಿನಲ್ಲಿ ಒಂದು ಕೋಣೆ ನಮ್ಮದು. ನಿರ್ವಹಣೆ ಶುಲ್ಕ ಮಾತ್ರ ಪ್ರತಿ ವರ್ಷ ಬೇರೆ. ಆ ‘ಮಾತ್ರ’ ನನ್ನ ಕಿವಿಯಲ್ಲಿ ಕೂತುಬಿಟ್ಟಿತು.

“ಸರ್, ಕಳೆದ ಐದು ವರ್ಷದಲ್ಲಿ ಫ್ಯಾಮಿಲಿ ಜೊತೆ ಎಲ್ಲೆಲ್ಲಿಗೆ ಹೋಗಿದ್ದೀರಿ?” ಎಂದು ಕೇಳಿದ.

“ದಾಂಡೇಲಿ, ಗೋಕರ್ಣ, ಕೊಡಗು, ಬಾದಾಮಿ,” ಎಂದೆ. “ಎಲ್ಲಾ ಡಿಸ್ಕೌಂಟ್‌ನಾಗ. ಫೋನಿನಾಗ ಹುಡುಕಿ ಬುಕ್ ಮಾಡಿದ್ದು. ನಿಮ್ಮ ಇಪ್ಪತ್ತೈದು ವರ್ಷದ ಕರಾರು ನಮಗ್ಯಾಕ ಬೇಕ್ರಿ?”

ಅವನು ನಾಲ್ಕೂ ಊರನ್ನು ಫಾರ್ಮಿನಲ್ಲಿ ಬರೆದುಕೊಂಡ. ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು.

ಆಮೇಲೆ ನಾನು ಅವನ ಕಾಗದವನ್ನೇ ತಿರುವಿ ಹಾಕಿ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದೆ. ಕಟ್ಟಿದ ಹಣ ಬ್ಯಾಂಕಿನಲ್ಲಿದ್ದರೆ ಏನು ಬರುತ್ತದೆ, ಶುಲ್ಕ ವರ್ಷವರ್ಷಕ್ಕೆ ಎಷ್ಟು ಏರಬಹುದು, ಇಪ್ಪತ್ತೈದನೆಯ ವರ್ಷ ನಾನೇ ಇರುತ್ತೇನೋ ಇಲ್ಲವೋ. ಅವನು ತಲೆಯಾಡಿಸುತ್ತಲೇ ಇದ್ದ, ಸೋಲುತ್ತಿದ್ದಾನೆಂದುಕೊಂಡೆ. ತಲೆ ಎತ್ತಿದಾಗ ಹೆಂಡತಿ ತನ್ನ ಕಾರ್ಡು ಕೊಟ್ಟು ಮುಂಗಡ ಕಟ್ಟಿ, ಪುಟಪುಟಕ್ಕೆ ಸಹಿ ಮಾಡುತ್ತಿದ್ದಳು.

“ಏ, ಏನ್ ಮಾಡಾಕತ್ತೀ?”

“ನೀವು ಲೆಕ್ಕ ಮಾಡ್ರಿ. ನಾ ಸಹಿ ಮಾಡ್ತೀನಿ.”

ಹತ್ತು ದಿನದೊಳಗೆ ಬೇಡವೆಂದು ಬರೆದುಕೊಟ್ಟರೆ ಪೂರ್ತಿ ಹಣ ವಾಪಸ್ ಎಂದು ಯುವಕ ಹೇಳಿದ. ಅವನು ನನ್ನನ್ನು ನೋಡಿ ನಕ್ಕ ಹಾಗಿತ್ತು. ಅದನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು.

ಮನೆಗೆ ಮರಳುವಾಗ ಕುಷ್ಟಗಿ ರಸ್ತೆಯಲ್ಲಿ ಭತ್ತದ ಲಾರಿಗಳ ಸಾಲಿನ ಹಿಂದೆ ಬೈಕ್ ನಿಂತಿತ್ತು. ಹಿಂದಿನಿಂದ ಅವಳ ದನಿ ಬಂತು.

“ದಾಂಡೇಲಿಗೆ ಯಾರ ಜೋಡಿ ಹೋಗಿದ್ರಿ?”

ನನಗೆ ನಗು ಬಂತು. “ನಿನ್ನ ಜೋಡೀನ. ಮತ್ಯಾರ ಜೋಡಿ? ಕೋಣಿ ಹಿಂದ ಹೊಳಿ ಇತ್ತಲ್ಲ. ಕಟ್ಟಿಗಿ ಮೆಟ್ಟಲ ಇಳದು ಹೋಗಬೇಕಿತ್ತು. ಎರಡು ಮರದ ನಡುವ ಜೋಲಿ ಕಟ್ಟಿದ್ರು.”

“ಜೋಲ್ಯಾಗ ನಾ ಕುಂತಿದ್ನೇನು?”

“ಕುಂತಿದ್ದಿ.”

“ಯಾವ ಸೀರಿ ಉಟ್ಟಿದ್ದೆ?”

ಲಾರಿ ಮುಂದೆ ಸಾಗಿತು. ಸೀರೆ ನೆನಪಾಗಲಿಲ್ಲ. ಗಂಡಸರಿಗೆ ಸೀರೆ ನೆನಪಿರುವುದಿಲ್ಲ ಎಂದುಕೊಂಡು ಗೇರ್ ಹಾಕಿದೆ. ಪಾಪ, ಇವಳಿಗೆ ಮರೆವು ಶುರುವಾಗಿದೆ ಎಂದೂ ಅಂದುಕೊಂಡೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮನೆ ಮುಟ್ಟಿದ ಮೇಲೆ ಅವಳು ಹೇಳಿದ್ದಿಷ್ಟು. “ನನ್ನ ಮೊಣಕಾಲು ಇನ್ನೊಂದು ನಾಕೈದು ವರ್ಷ ನಡೀತಾವ. ಡಾಕ್ಟರೂ ಅದನ್ನ ಅಂದಾರ. ಅಷ್ಟರಾಗ ವರ್ಷಕ್ಕೊಂದು ವಾರ ಹೊರಗ ಹೋಗಬೇಕು. ನಿಮಗ ಇದು ಬ್ಯಾಡ ಅಂದ್ರ ಬಿಡೂಣು. ಆದ್ರ ಯಾಕ ಬ್ಯಾಡ ಅಂತ ನನಗ ಒಪ್ಪಿಸ್ರಿ. ಹತ್ತು ದಿನ ಐತಿ.”

ಒಪ್ಪಿಸುವುದು ನನ್ನ ಕಸುಬು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗಿನಿಂದ, ಯಾರು ಏನೇ ಹೇಳಿದರೂ ಆ ಅಂಕಿ ಎಲ್ಲಿಂದ ಬಂತು ಎಂದು ಕೇಳುವ ಚಟ. ಕಾಲೇಜಿನ ಬಿಡುವಿನಲ್ಲಿ, ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ, ಎಲ್ಲೆಡೆ ಫೋನ್ ಹಿಡಿದು ರೆಸಾರ್ಟುಗಳ ದರ ನೋಡಿದೆ. ಬೆಳಿಗ್ಗೆ ಒಂದು ದರ, ಮಧ್ಯಾಹ್ನಕ್ಕೆ ಇನ್ನೊಂದು. ಮೂರೇ ಕೋಣೆ ಉಳಿದಿವೆ ಎಂದು ಕೆಂಪಕ್ಷರದಲ್ಲಿ ಬರುತ್ತಿತ್ತು. ಮರುದಿನ ನೋಡಿದರೂ ಅದೇ ಮೂರು ಕೋಣೆ. ಒಂದು ಕಡೆ ಕೂರಲಾಗುತ್ತಿರಲಿಲ್ಲ. ತರಗತಿಯಲ್ಲಿ ಸರಾಸರಿ ಹೇಳುತ್ತ ಹೇಳುತ್ತ ಕಿಟಕಿಯ ಹತ್ತಿರ ಹೋಗಿ ನಿಂತುಬಿಡುತ್ತಿದ್ದೆ.

ನಾಲ್ಕನೆಯ ದಿನವೋ ಐದನೆಯ ದಿನವೋ, ಲಿಂಗಸುಗೂರಿನಿಂದ ಮರಳುವಾಗ ಮಸ್ಕಿಯಲ್ಲಿ ಇಳಿದುಬಿಟ್ಟೆ. ಅಲ್ಲಿ ನನ್ನ ಶಾಲೆಯ ದಿನಗಳ ಗೆಳೆಯನದೊಂದು ಟೈರ್ ಅಂಗಡಿಯಿದೆ. ಅವನು ಮೂರು ವರ್ಷದ ಹಿಂದೆಯೇ ಇಂಥದೇ ಸದಸ್ಯತ್ವ ಕೊಂಡಿದ್ದ. ವಿಷಯ ಹೇಳಿದ ಕೂಡಲೇ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತ ನಕ್ಕ.

“ಲೇ ಮಾಸ್ತರ, ನಿನಗೂ ಗಾಳಿ ಹೊಡದಾರೇನು?”

“ನನಗಲ್ಲ, ಮನಿಯಾಕಿಗೆ.”

“ಬಚಾವಾದಿ ನೀ. ನನಗ ಖುದ್ದ ಹೊಡದಿದ್ರು.” ಒಳಗಿನ ಮನೆಗೆ ಕೇಳುವಂತೆ, “ಅಜೀ, ದೋ ಚಾಯ್!” ಎಂದು ಕೂಗಿದ. “ಕೇಳಿಲ್ಲಿ. ಬೇಕಾದ ವಾರ ಸಿಗಂಗಿಲ್ಲ. ರಂಜಾನ್ ಮುಗದ ಮ್ಯಾಲ ಮಕ್ಕಳ ಸೂಟಿಯಾಗ ಕೇಳಿದ್ರ ಫುಲ್ ಅಂತಾರ. ಸಿಕ್ಕದ್ದು ಜಡಿಮಳ್ಯಾಗ. ಶುಲ್ಕ ಮಾತ್ರ ಟೈಮಿಗೆ ಬಂದ್ ನಿಂದರತೈತಿ.”

“ಹಂಗಾರ ಮೋಸ ಅನ್ನು.”

“ಮೋಸ ಅಂತ ಎಲ್ಲಿ ಅಂದೆ? ಖರ್ಚು ಅಂದೆ. ಇನ್ನೊಂದು ಮಾತು ಕೇಳು. ಈ ಮೂರು ವರ್ಷದಾಗ ಎರಡು ಸಲ ಅಂಗಡಿ ಬಂದ್ ಮಾಡಿ ಹೋಗೀನಿ. ಅದಕ್ಕಿಂತ ಮೊದಲ ಇಪ್ಪತ್ತು ವರ್ಷದಾಗ ಒಂದಿನ ಬಂದ್ ಮಾಡಿದ್ನೇನು? ಕಟ್ಟಿದ ರೊಕ್ಕ ಹೋಗ್ತೈತಲ್ಲೋ ಅಂತ ಹೊಟ್ಟಿ ಉರಕೊಂಡು ಹೋದೆ. ಮಳ್ಯಾಗ ಎಲ್ಲಾರೂ ಕೋಣ್ಯಾಗ ಕುಂತು ಮಿರ್ಚಿ ಭಜಿ ತಿಂದಿವಿ. ನನ್ನ ಸಣ್ಣ ಮಗಳು ಇವತ್ತಿಗೂ ಅದನ್ನ ನೆನಸ್ತಾಳ.”

ಚಹಾ ಕುಡಿದು ಮುಂದಿನ ಬಸ್ ಹಿಡಿದೆ. ಬೇಕಾದ ವಾರ ಸಿಗುವುದಿಲ್ಲ, ಶುಲ್ಕ ತಪ್ಪುವುದಿಲ್ಲ ಎಂದು ಟಿಪ್ಪಣಿ ಬರೆದುಕೊಂಡೆ. ಮಿರ್ಚಿಯ ಮಾತು ಬರೆಯಲಿಲ್ಲ. ಮನೆಯಲ್ಲಿ ಹೆಂಡತಿಗೂ ಅಷ್ಟನ್ನೇ ಹೇಳಿದೆ. ಅವಳು ಹಿಟ್ಟು ನಾದುತ್ತ, “ಮತ್ತೇನಂದ್ರು?” ಎಂದಳು. ಮತ್ತೇನಿಲ್ಲ ಎಂದೆ. ತರಗತಿಯಲ್ಲಿ ಹುಡುಗರು ಹೀಗೆ ಅರ್ಧ ಮಾಹಿತಿ ಬಿಟ್ಟು ಲೆಕ್ಕ ಮಾಡಿದರೆ ನಾನು ಸೊನ್ನೆ ಹಾಕುತ್ತೇನೆ.

ಒಂಬತ್ತನೆಯ ದಿನ ಸಂಜೆ ಅವಳ ಮುಂದೆ ಕೂತೆ. ಬೆಲೆಯ ವಾದ ಮುಗಿಯಿತು, ಅವಳು ಒಪ್ಪಿದಳು. ವಾರ ಸಿಗದಿರುವ ವಾದವನ್ನೂ ಒಪ್ಪಿದಳು. ಕೊನೆಯದಾಗಿ, ನಮಗೆ ಸದಸ್ಯತ್ವವಿಲ್ಲದೆಯೇ ಬೇಕಾದಷ್ಟು ತಿರುಗಾಟ ಆಗಿದೆ ಎಂಬುದಕ್ಕೆ ಸಾಕ್ಷಿ ತೋರಿಸಲು ಫೋನಿನಲ್ಲಿ ನನ್ನ ಹಳೆಯ ಬುಕಿಂಗುಗಳ ಪಟ್ಟಿ ತೆಗೆದೆ.

ದಾಂಡೇಲಿ ಇತ್ತು. ಹೊಳೆ, ಕಟ್ಟಿಗೆಯ ಮೆಟ್ಟಿಲು, ಎರಡು ಮರಗಳ ನಡುವಿನ ಜೋಲಿ, ಎಲ್ಲವೂ ಆ ಪುಟ್ಟ ಫೋಟೋದಲ್ಲಿದ್ದವು. ಅದರ ಕೆಳಗೆ ಬೂದು ಅಕ್ಷರದಲ್ಲಿ ‘ರದ್ದಾಗಿದೆ, ಪೂರ್ತಿ ಹಣ ಮರಳಿಸಲಾಗಿದೆ’ ಎಂದಿತ್ತು. ಗೋಕರ್ಣದ ಕೆಳಗೂ ಅದೇ. ಕೊಡಗಿನ ಕೆಳಗೂ ಅದೇ. ಬಾದಾಮಿಯೊಂದು ಆಗಿತ್ತು, ಒಂದು ರಾತ್ರಿ.

ಆಗ ಕಾರಣಗಳು ಒಂದೊಂದಾಗಿ ಬಂದವು. ದಾಂಡೇಲಿಯ ವಾರ ಕಾಲುವೆಗೆ ನೀರು ಬಿಟ್ಟಿದ್ದರು, ಸಾಲಗುಂದದಲ್ಲಿ ಪಾಲಿಗೆ ಕೊಟ್ಟ ನಮ್ಮ ಗದ್ದೆಯ ಸರದಿ ತಪ್ಪುತ್ತದೆಂದು ನಿಂತೆ. ಗೋಕರ್ಣ ಇನ್ನೂ ಅಗ್ಗಕ್ಕೆ ಸಿಗುತ್ತದೆಂದು ಬಿಟ್ಟೆ, ಸಿಗಲಿಲ್ಲ. ಕೊಡಗಿನ ಹೊತ್ತಿಗೆ ಮುದಗಲ್ಲಿನಲ್ಲಿ ಯಾರದೋ ಗೃಹಪ್ರವೇಶ. ಪ್ರತಿ ಸಲ ಒಂದು ರೂಪಾಯಿಯೂ ಕಡಿತವಾಗದೆ ಹಣ ಮರಳಿ ಬಂದಾಗ ನಾನು ಖುಷಿಪಟ್ಟದ್ದು ಕೂಡ ನೆನಪಾಯಿತು. ಆ ನೆನಪು ಮಾತ್ರ ನಿಜವಾದದ್ದೇ ಇರಬೇಕು.

“ಜೋಲ್ಯಾಗ ನಾ ಕುಂತಿದ್ದೆ ಅಂದ್ರಲ್ಲ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

“ಖರೇನ ಕುಂತಂಗ ಇತ್ತು,” ಎಂದೆ.

“ಹೋಗಿ ಬಂದಿವಿ ಅಂತ ನಿಮ್ಮ ತಲ್ಯಾಗ ಕುಂತುಬಿಟ್ಟೈತಿ. ಅದಕ್ಕ ನಿಮಗ ಹೋಗಬೇಕು ಅನಸಂಗಿಲ್ಲ. ನಾ ಮೂರು ಸಲ ಬ್ಯಾಗ್ ತುಂಬೀನಿ, ಮೂರು ಸಲ ತಗದಿಟ್ಟೀನಿ. ಅವತ್ತು ಯಾಕ ಸಹಿ ಮಾಡಿದೆ ಅಂದ್ಕೊಂಡ್ರಿ? ನಿಮಗ ರದ್ದು ಮಾಡಾಕ ಬರಬಾರದು ಅಂತ.”

ಆಗ ಮಸ್ಕಿಯ ಗೆಳೆಯ ಹೇಳಿದ ಉಳಿದರ್ಧವನ್ನೂ ಹೇಳಿದೆ. ಅಂಗಡಿ ಬಂದ್ ಮಾಡಿದ್ದು, ಮಳೆ, ಮಿರ್ಚಿ. ಅವಳು ಪೂರ್ತಿ ಕೇಳಿಸಿಕೊಂಡು, “ಇದನ್ನ ಮುಚ್ಚಿಟ್ಟಿದ್ರಿ,” ಎಂದಳು. ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಹೊನ್ನಾವರದ ಹತ್ತಿರದ ಒಂದು ರೆಸಾರ್ಟನ್ನು ಒತ್ತಿದಳು. ದಸರಾ ಸೂಟಿಯ ದಿನಗಳನ್ನು ಹಾಕಿದಳು. ಬೆರಳು ಒಂದು ಕಡೆ ನಿಂತಿತು.

“ಇದೇನು, ಒಂದ ಕೋಣಿಗೆ ಎರಡು ರೇಟು?”

“ಮ್ಯಾಲಿಂದು ಯಾವಾಗ ಬೇಕಾದ್ರೂ ರದ್ದು ಮಾಡಬಹುದು. ಕೆಳಗಿಂದು ಸಸ್ತಾ. ಆದ್ರ ಹೋಗಲಿಲ್ಲಂದ್ರ ರೊಕ್ಕ ವಾಪಸ್ ಬರಂಗಿಲ್ಲ.”

“ನೀವು ಯಾವಾಗ್ಲೂ ಯಾವುದು ಹಿಡೀತಿದ್ರಿ?”

“ಮ್ಯಾಲಿಂದು.”

ಅವಳು ಎರಡೂ ದರಗಳ ಮೇಲೆ ಬೆರಳಿಟ್ಟು ತೋರಿಸಿದಳು. “ಅಂದ್ರ ಇಷ್ಟು ವರ್ಷ ನೀವು ಹೋಗದೆ ಇರಾಕ ಹೆಚ್ಚಿಗಿ ರೇಟು ಹಿಡಿದೀರಿ.”

ಮೂವತ್ತು ವರ್ಷ ಅಂಕಿಗಳ ಜೊತೆ ಬದುಕಿದವನಿಗೆ ಆ ಅಂಕಿ ಕಂಡಿರಲಿಲ್ಲ. ಅಗ್ಗವೋ ತುಟ್ಟಿಯೋ ಎಂದು ಒಂಬತ್ತು ದಿನ ಅಳೆದದ್ದೆಲ್ಲ ಹೋಗುವವರ ಲೆಕ್ಕ. ನಾನು ಆ ಗುಂಪಿನವನೇ ಅಲ್ಲ ಎಂಬುದನ್ನು ಎಲ್ಲಿಯೂ ಹಾಕಿರಲಿಲ್ಲ.

ಮರುದಿನ, ಹತ್ತನೆಯ ದಿನ, ಸದಸ್ಯತ್ವ ಬೇಡವೆಂದು ಅವಳೇ ಬರೆದು ಕಳಿಸಿದಳು. ಮುಂಗಡ ತಡವಾಗಿಯಾದರೂ ಮರಳಿ ಬಂತು. ಹೊನ್ನಾವರದ ಕೋಣೆಯನ್ನು ತನ್ನ ಫೋನಿನಿಂದ, ತನ್ನ ಹೆಸರಿನಲ್ಲಿ, ಕೆಳಗಿನ ದರಕ್ಕೆ ಹಿಡಿದಳು. “ಪ್ರತಿ ವರ್ಷ ಇದು ನನ್ನ ಕೆಲಸ. ನೀವು ಫೋನ್ ಮುಟ್ಟಂಗಿಲ್ಲ,” ಎಂದಳು. ಇದು ಸದಸ್ಯತ್ವಕ್ಕಿಂತ ಕಡಿಮೆ ಖರ್ಚಿನದು ಎಂಬುದು ನಿಜ. ಇದು ಬರುವ ವರ್ಷವೂ ನಡೆಯುತ್ತದೆ ಎನ್ನುವುದಕ್ಕೆ ಯಾವ ಕಾಗದವೂ ಇಲ್ಲ ಎಂಬುದೂ ನಿಜ. ಆ ಕಾಗದದ ಜಾಗದಲ್ಲಿ ಈಗ ನಾನಿದ್ದೇನೆ. ಅದೇ ನನಗೆ ತಳಮಳ.

ಹೋದ ವಾರ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಬರಬೇಕೆಂಬ ಆದೇಶ ಕಾಲೇಜಿಗೆ ಬಂತು. ಸರಿಯಾಗಿ ಹೊನ್ನಾವರಕ್ಕೆ ಹಿಡಿದ ಅದೇ ದಿನಗಳು. ಸಂಜೆ ಚಪ್ಪಲಿ ಬಿಡುವ ಮೊದಲೇ ಅವಳಿಗೆ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಒಂದು ಹಗುರ ಇದ್ದದ್ದು ನನಗೇ ಕೇಳಿಸಿತು.

“ಹೋಗ್ರಿ,” ಎಂದಳು ಅವಳು, ನೋಟ್‌ಬುಕ್ ತಿದ್ದುತ್ತಲೇ. “ನಾ ತಂಗಿ ಜೋಡಿ ಹೋಗ್ತೀನಿ. ಆಕಿಗೆ ಫೋನ್ ಮಾಡಿ ಕೇಳೀನಿ, ತಯಾರ ಅದಾಳ.”

“ಆದೇಶ ಬಂದದ್ದು ಇವತ್ತ. ಯಾವಾಗ ಕೇಳಿದಿ?”

“ಬುಕ್ ಮಾಡಿದ ದಿನಾನ ಕೇಳಿಟ್ಟೀನಿ.”

ಎರಡು ದಿನ ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಪ್ರಾಂಶುಪಾಲರ ಕೋಣೆಗೆ ಹೋಗಿ, ಮೌಲ್ಯಮಾಪನಕ್ಕೆ ಹೋಗಲಾಗುವುದಿಲ್ಲ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ನೀವು? ನೀವು ಒಲ್ಲೆ ಅಂದದ್ದ ನೆನಪಿಲ್ಲಲ್ರೀ. ಆರೋಗ್ಯ ಅಂತ ಬರದುಬಿಡ್ರಿ, ಯಾರೂ ಕೇಳಂಗಿಲ್ಲ.”

“ಆರೋಗ್ಯ ಚೊಲೋ ಐತ್ರಿ ಸರ್.”

“ಮತ್ತ? ಯಾರದರ ಲಗ್ನ?”

“ಇಲ್ರಿ. ಮನಿಯಾಕಿ ಜೋಡಿ ಸಮುದ್ರ ನೋಡಾಕ ಹೊಂಟೀನಿ.”

“ಇದನ್ನ ಹಿಂಗ ಬರೀತೀರೇನು?”

ಹಾಗೆಯೇ ಬರೆದೆ. ಕಾರಣ ಎಂದಿದ್ದ ಕಡೆ ಅದನ್ನು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟೆ. ಹೊರಗೆ ಬಂದ ತಕ್ಷಣ ಒಳಗೆ ಹೋಗಿ ಅರ್ಜಿ ವಾಪಸ್ ಕೇಳಬೇಕೆನ್ನಿಸಿತು. ಲಿಂಗಸುಗೂರಿನ ಬಸ್ ನಿಲ್ದಾಣ ಮುಟ್ಟುವವರೆಗೂ ಅನ್ನಿಸುತ್ತಲೇ ಇತ್ತು. ಸಿಂಧನೂರಿನ ಬಸ್ ನಿಂತಿತ್ತು, ಹತ್ತಿದೆ. ಸೀಟು ಖಾಲಿ ಇದ್ದರೂ ಮಸ್ಕಿ ದಾಟುವವರೆಗೆ ಕಂಬಿ ಹಿಡಿದು ನಿಂತೇ ಇದ್ದೆ. ಆಮೇಲೆ ಹೆಂಡತಿಗೆ ಫೋನ್ ಮಾಡಿ, ತಂಗಿಗೆ ಬೇಡವೆಂದು ಹೇಳು ಎಂದೆ.

“ಖರೇನ?” ಎಂದಳು.

“ಖರೇನ. ಬರದುಕೊಟ್ಟು ಬಂದೀನಿ.”

“ಬಸ್ಸಿಳಿದು ಮನಿಗೆ ಬರ್ರಿ ಮೊದಲು,” ಎಂದು ಇಟ್ಟುಬಿಟ್ಟಳು. ನಾಡಿದ್ದು ಹೊರಡಬೇಕು. ತಂಗಿಗೆ ಅವಳು ಇನ್ನೂ ಬೇಡ ಎಂದಿಲ್ಲ.